ನೀರಲ್ಲಿ ಉಬ್ಬಿದ ಬಿಲ್ಲೆ ಮತ್ತು ನಮ್ಮ ಕೊಟ್ರೇಶ

ಸುಳ್ಳಿರಬೇಕು...
ಫೋನ್ ಇಟ್ಟವನು ಮತ್ತೆ ನಾನೇ ಮಾಡಿ ಕೇಳಿದೆ. ಇಟ್ಟಿಗಿ ಊರಿನ ಶಾಲೆಯ ಮೇಷ್ಟ್ರು ಮತ್ತೆ ಅದೇ ಮಾತು ಹೇಳಿದರು.
ಕೊಟ್ರೇಶ ಇಲ್ಲ.
ಅವರ ಶಾಲೆಯ ಮಾಳಿಗೆ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ನೀರಿನ ಪೈಪ್ ಹಿಡಿದುಕೊಂಡೇ ಕುಸಿದನಂತೆ...
ಹಡಗಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗೆಳೆಯರೇ, ನಿಮ್ಮಲ್ಲಿ ಬಹಳ ಜನಕ್ಕೆ ಅವನು ಗೊತ್ತಿಲ್ಲ.
ತೊಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ಅವನೂ ನಾನೂ ಸೇರಿ ಒಂದು ಸಣ್ಣ ಫ್ಯಾಕ್ಟರಿ ನಡೆಸುತ್ತಿದ್ದೆವು.
ಶೇಂಗಾ ಹೊಟ್ಟಿಗೆ ಸಿಮೆಂಟ್ ಕಲಸಿ ಟೈಲ್ಸ್ ಥರದ ಬಿಲ್ಲೆ ಮಾಡುವುದು... ಆರ್‌ಸಿಸಿ ಮಾಳಿಗೆ ಮೇಲೆ ಅದನ್ನು ಹಾಸಿದರೆ ಕಾವು ಕೆಳಗೆ ಇಳಿಯುತ್ತಿರಲಿಲ್ಲ.
"ಅಜ್ಜನ ಮಣ್ಣಿನ ಮಾಳಿಗಿ ತಂಪಿತ್ತು. ನಾವು ಆರ್‌ಸಿಸಿ ಹಾಕಿ ಹುಡುಗ್ರನ್ನ ಒಲಿಯಾಗ ಕುಂದ್ರಿಸೇವಿ" ಅನ್ನುತ್ತಿದ್ದ.

ಎಲ್ಲ ಶಾಲೆಗೂ ಇದು ಕಡ್ಡಾಯ ಆಗಬೇಕು ಅಂತ ಅವನ ಹಟ.
ಕೂಡ್ಲಿಗಿ, ಹರಪನಹಳ್ಳಿ, ಬಳ್ಳಾರಿ... ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ.
ಕೊನೆಗೆ ಶಾಲೆ ಕಟ್ಟಡದ ನಿಯಮ ಬರೆಯುವ ಮೀಟಿಂಗಿಗೆ ನಮ್ಮನ್ನೇ ಕರೆದರು.

ಅಲ್ಲಿ ಈ ಪುಣ್ಯಾತ್ಮ ಹೇಳಿದ್ದೇನು?
"ಬಿಲ್ಲೆ ಯಾರದ ಇರ್ಲಿ ಸಾಹೇಬ್ರ, ಒಂದು ರಾತ್ರಿ ನೀರಾಗ ಮುಳುಗಿಸಿ ಇಡ್ರಿ. ಉಬ್ಬಿದ್ರ ಬ್ಯಾಡ ಅನ್ರಿ."
ಎಂಜಿನಿಯರ್ ನಕ್ಕರು. "ನಿಮ್ಮ ಕಡೆ ಮಳೆ ಎಲ್ಲಿದೆ ರೀ?"
"ಬರೋದು ನಾಕ ಮಳಿ. ಅಷ್ಟಕ್ಕ ಮಾಳಿಗಿ ಸೋರಿದ್ರ ಹುಡುಗ್ರು ಎಲ್ಲಿ ಕುಂದ್ರಬೇಕ್ರಿ?"
ಮೇಜಿನ ಕೆಳಗೆ ಅವನ ಕಾಲು ತುಳಿದೆ. ಕೇಳಲಿಲ್ಲ.
ಅವರ ಎದುರಿಗೇ ನಮ್ಮದೊಂದು ಬಿಲ್ಲೆಯನ್ನು ಬಕೆಟ್‌ಗೆ ಹಾಕಿಸಿದ. "ನಮ್ಮವು ಕಲ್ಲಿದ್ದಂಗ ಅದಾವ" ಅಂದ.

ನಾವು ಅದನ್ನು ಬಿಸಿಲಿಗೆ ಇಟ್ಟು ಇಟ್ಟು ನೋಡಿದ್ದೆವು. ನೀರಿಗೆ ಒಮ್ಮೆಯೂ ಹಾಕಿರಲಿಲ್ಲ!
ನಮ್ಮ ಸೀಮೆಯವರ ಬುದ್ಧಿ... ಮಳೆಯ ನೆನಪೇ ಬರುವುದಿಲ್ಲ.
ಬೆಳಗ್ಗೆ ನೋಡಿದರೆ ಬಿಲ್ಲೆ ಉಬ್ಬಿತ್ತು. ಬೆರಳಿಂದ ಒತ್ತಿದರೆ ನೆನೆದ ಮಂಡಕ್ಕಿ ಥರ ಒಳಗೆ ಹೋಯಿತು.

ಲೇ ಕೊಟ್ರ್ಯಾ...
ನೀರಿನ ಪರೀಕ್ಷೆಯ ಆ ಒಂದು ಸಾಲು ತೆಗೆದುಬಿಡೋಣ ಅಂತ ಆ ಸಾಹೇಬರೇ ಹೇಳಿದ್ದರಲ್ಲೋ!
ನೀನೇ ಬೇಡ ಅಂದೆ.
"ಸೋರೋ ಮಾಳಿಗಿ ಮಾರಿ ನನಗ ಉಣ್ಣಾಕ ಆಗಂಗಿಲ್ಲಲೇ" ಅಂದೆ.
ಹೊಟ್ಟಿಗೆ ಬೇರೆ ಏನೇನೋ ಕಲಸಿ ನೀನು ನೋಡಿದೆ... ಯಾವುದೂ ಪಾಸಾಗಲಿಲ್ಲ.
ನಿಯಮ ಬಂತು. ನೀನು ಹೇಳಿದ ಸಾಲೂ ಅದರಲ್ಲಿ ಬಂತು. ನೀರಿಗೆ ಉಬ್ಬದ ಬಿಲ್ಲೆ ಹೇರಿಕೊಂಡು ದೂರದ ಕಂಪನಿಗಳ ಲಾರಿಗಳು ಬಂದವು, ನಮ್ಮ ಫ್ಯಾಕ್ಟರಿಗೆ ಬೀಗ ಬಿತ್ತು.
ಆ ಕಂಪನಿಯವರ ಕೈಕೆಳಗೇ ನೀನು ಸೂಪರ್‌ವೈಸರ್ ಆದೆ. ಬಿಲ್ಲೆ ಹಾಸಿದ ಮಾಳಿಗೆ ಮೇಲೆ ನೀರು ನಿಲ್ಲಿಸಿ, ಸೋರುತ್ತದೋ ಅಂತ ನೋಡುವ ಕೆಲಸ...
ನನಗೆ ನಿನ್ನ ಮೇಲೆ ಸಿಟ್ಟಿತ್ತು. ಇವತ್ತಿಗೂ ಇದೆ.
ಇನ್ನು ಯಾರ ಹತ್ತಿರ ಜಗಳಾಡಲಿ ಹೇಳು?

ನೀನು ಬಿದ್ದಾಗ ಕೆಳಗೆ ಕ್ಲಾಸ್ ನಡೆಯುತ್ತಿತ್ತಂತೆ.
ಮೇಷ್ಟ್ರು ಅಳುತ್ತಲೇ ಹೇಳಿದರು... "ಒಳಗ ತಂಪಿತ್ರಿ. ಮ್ಯಾಲೆ ಅಷ್ಟು ಬಿಸಿಲೈತಿ ಅಂತ ನಮಗ ಗೊತ್ತಾಗ್ಲೇ ಇಲ್ಲ. ಭಾಳೊತ್ತು ಯಾರೂ ಹತ್ತಿ ನೋಡ್ಲಿಲ್ರಿ."
ಆಮೇಲೆ ಅವರು ಏನು ಹೇಳಿದರೋ, ನನಗೆ ಕೇಳಿಸಲಿಲ್ಲ.

ಸಮಾಧಾನ ಹೇಳಬೇಡಿ ಗೆಳೆಯರೇ... ಯಾವುದೂ ಒಳಗೆ ಇಳಿಯುತ್ತಿಲ್ಲ.

ಹೋಗು ಕೊಟ್ರ್ಯಾ.
ಅಲ್ಲಾದರೂ ನೆರಳಲ್ಲಿ ಕೂಡು...
ನಿನ್ನ ಜೀವ ತಣ್ಣಗಿರಲಿ.