ಖಾಲಿ ಹಾಳೆಯ ಸಾಕ್ಷಿ

ಶ್ರೀರಂಗಪಟ್ಟಣದ ಆ ವಕೀಲರ ಬಲಗೈ ತೋರುಬೆರಳು ಗೆಣ್ಣಿನ ಬಳಿ ಸೊಟ್ಟಗಿತ್ತು. ಯಾವ ಕಾಗದ ಕೊಟ್ಟರೂ ಆ ಬೆರಳನ್ನು ಒಂದೊಂದು ಸಾಲಿನ ಕೆಳಗೂ ಎಳೆದು, ತುಟಿ ಆಡಿಸುತ್ತ ಓದುವರು. ಅಂಚೆಯವನ ರಸೀದಿಗೂ ಅದೇ ಮರ್ಯಾದೆ. ಮದುವೆಮನೆಯಲ್ಲಿ ಬಾಳೆಲೆಯನ್ನೂ ತಿರುವಿ ಓದಿಯೇ ಊಟಕ್ಕೆ ಕೂರುತ್ತಾರೆಂದು ಕೋರ್ಟಿನವರು ನಗುತ್ತಿದ್ದರು. ನಾನೂ ನಕ್ಕವನೇ.

ನನ್ನದು ಪಾಂಡವಪುರದಲ್ಲಿ ಚಿನ್ನಬೆಳ್ಳಿ ಕೆಲಸದ ಪುಟ್ಟ ಅಂಗಡಿ. ಬೇರೆ ಊರಿನ ಠಾಣೆಯ ಪೊಲೀಸರು ಒಮ್ಮೆ ನನ್ನನ್ನು ಕರೆಸಿಕೊಂಡು ಒಂದು ಸರ ತೂಗಿಸಿದರು. ಖಾಲಿ ಹಾಳೆಗೆ ಸಹಿ ಹಾಕು ಎಂದರು. ಹಾಕಿದೆ. ಯಾವನೋ ಕಳ್ಳ ‘ಇವನಿಗೇ ಮಾರಿದೆ’ ಎಂದರೆ ಸಾಕು, ಅಕ್ಕಸಾಲಿಗನ ಅಂಗಡಿಗೆ ಬೀಗ. ಪೊಲೀಸರನ್ನು ಎದುರು ಹಾಕಿಕೊಳ್ಳುವ ಎದೆ ನನಗಿರಲಿಲ್ಲ.

ಆ ಹಾಳೆಯ ಮೇಲೆ ಆಮೇಲೆ ಮಹಜರು ಬರೆದರು: ಕಳವಾದ ಸರ ಒಬ್ಬ ಗಾರೆ ಕೆಲಸದವನ ಮನೆಯಲ್ಲಿ, ನನ್ನ ಕಣ್ಣೆದುರಿಗೇ ಸಿಕ್ಕಿತೆಂದು. ಆ ಮನೆಯ ಬಾಗಿಲು ಎತ್ತ ಕಡೆಗಿದೆಯೆಂದೂ ನನಗೆ ಗೊತ್ತಿರಲಿಲ್ಲ. ವಕೀಲರು ಕಾನೂನು ನೆರವಿನಲ್ಲಿ ಅವನ ಪರ ನಿಂತಿದ್ದರು. ಕಟಕಟೆಯಲ್ಲಿ ನನ್ನನ್ನು ಕೇಳಿದ್ದು ಒಂದೇ: “ಸಹಿ ಹಾಕುವಾಗ ಹಾಳೆಯಲ್ಲಿ ಏನಾದರೂ ಬರೆದಿತ್ತಾ?”

“ಇತ್ತು. ಓದಿಯೇ ಹಾಕಿದೆ,” ಎಂದೆ.

ಅವನಿಗೆ ಶಿಕ್ಷೆಯಾಯಿತು.

ಮೇಲ್ಮನವಿ ಹಾಕಿದ ಮೇಲೆ ವಕೀಲರು ನನ್ನ ಅಂಗಡಿಗೆ ಬಂದರು. ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಾನ್ ಎಷ್ಟ್ ಬಡ್ಕೊಂಡ್ರೂ ಅದು ವಾದ ಕಣಪ್ಪ. ನಿನ್ ಮಾತು ಸಾಕ್ಷಿ. ಅವನ್ಗೂ ನ್ಯಾಯವಾದ ವಿಚಾರಣೆ ಆಗ್ಬೇಕು ಅಂತ ಸಂವಿಧಾನದಲ್ಲೈತೆ, ನೀನ್ ಅಡ್ಡ ನಿಂತಿದ್ದೀಯ. ನಿಜ ಬರ್ಕೊಡು. ನಿನ್ನ ಮತ್ತೆ ಕರ್ಸಿ ಅಂತ ಕೋರ್ಟಿಗೆ ಕೇಳ್ತೀನಿ.”

“ಸುಳ್ ಯೋಳ್ದೆ ಅಂತ ನನ್ ಮೇಲೇ ಕೇಸ್ ಆಗಲ್ವಾ ಸಾರ್?”

“ಆಗ್ಬೋದು. ಇಲ್ಲ ಅಂತ ನಿನ್ ತಾವ ಸುಳ್ಳು ಹೇಳಲ್ಲ.”

ಹಬ್ಬ ಕಳೆಯಲಿ ಎಂದೆ. ಬಸ್ಸು ಹಿಡಿದು ಇನ್ನೂ ಎರಡು ಸಲ ಬಂದರು. ಪ್ರತಿ ಸಲವೂ ನನ್ನಲ್ಲೊಂದು ನೆಪವಿತ್ತು. ಆಮೇಲೆ ಬಂದದ್ದು ಅವರು ತೀರಿಕೊಂಡ ಸುದ್ದಿ.

ನಾನು ಹೋದಾಗ ಅವರನ್ನು ಅವರ ಮನೆಯ ಮುಂದೆ ಮಲಗಿಸಿದ್ದರು. ಗಾರೆಯವನ ಹೆಂಡತಿ ಕೆ.ಆರ್. ಪೇಟೆ ಕಡೆಯಿಂದ ಬಂದು ಗೋಡೆಗೊರಗಿ ನಿಂತಿದ್ದಳು. ಗಂಡ ಇನ್ನೂ ಜೈಲಿನಲ್ಲಿದ್ದ. ಕೋರ್ಟಿನಲ್ಲಿ ನೋಡಿದ್ದ ನನ್ನ ಮುಖದ ಗುರುತು ಅವಳಿಗಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಹೇಗೋ ಬಾಯಿ ಬಿಟ್ಟೆ.

“ಆಳೆ ಖಾಲಿ ಇತ್ತು ಕಣವ್ವ. ನಾ ಸುಳ್ ಯೋಳ್ಬುಟ್ಟೆ. ಈಗ ಬರ್ಕೊಡ್ತೀನಿ.”

ಅವಳು ಅಳಲಿಲ್ಲ. ಮಲಗಿದ್ದ ವಕೀಲರ ಕಡೆ ಕೈ ತೋರಿಸಿದಳು.

“ಅವ್ರು ನಿನ್ ಅಂಗ್ಡಿ ಬಾಗ್ಲಿಗ್ ಬಂದು ಕೇಳ್ದಾಗ ಯೋಳಕ್ಕೆ ಏನಾಗಿತ್ತಣ್ಣ ನಿಂಗೆ?”