ಗಾಜಿನ ಹಿಂದಿನ ಹೋರಿ

ತಮಿಳುನಾಡಿನ ತೇನಿಯಿಂದ ಕಂಬಂವರೆಗೆ ಮೂಕಯ್ಯನ ಕೈ ಮುಟ್ಟದ ಅಂಗಡಿ ಬೋರ್ಡು ಇರಲಿಲ್ಲ ಅನ್ನುವ ಕಾಲವೊಂದಿತ್ತು. ಆಮೇಲೆ ಫ್ಲೆಕ್ಸ್ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಕುಂಚ ಅಟ್ಟ ಸೇರಿತು.

ಹಾಗಿರುವಾಗ ತೇನಿಯಿಂದ ಜನನಿ ಎಂಬಾಕೆ ಫೋನು ಮಾಡಿದಳು. ಹೊಸ ಲಾಡ್ಜು ಕಟ್ಟಿಸುತ್ತಿದ್ದಳು, ಹನ್ನೆರಡು ಕೋಣೆಯ ಗೋಡೆಗೂ ಕೈಯಲ್ಲೇ ಬರೆದ ಚಿತ್ರ ಬೇಕಂತೆ. ಮೊದಲು ಒಂದು ಚಿತ್ರ ನೋಡಬೇಕು, ಮೂರು ವಾರ ಬಿಟ್ಟು ಶನಿವಾರ ಬರುತ್ತೇನೆ ಅಂದಳು. ಇದೂ ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲವೆಂದು ಮೂಕಯ್ಯನಿಗೆ ಗೊತ್ತಿತ್ತು.

ಉತ್ತಮಪಾಳಯಂ ಬಸ್ ನಿಲ್ದಾಣದ ಎದುರು ಚಪ್ಪಲಿ ಅಂಗಡಿಯೊಂದು ಮುಚ್ಚಿತ್ತು. ಬಾಡಿಗೆದಾರ ಸಿಗುವವರೆಗೆ ಅದರ ಗಾಜಿನ ಹಿಂದೆ, ಜನನಿಗೆ ಕಾಣುವಂತೆ, ಚಿತ್ರ ಇಡಲು ಮಾಲೀಕ ವಸಂತಕುಮಾರ್ ಒಪ್ಪಿದ. ಮೂಕಯ್ಯ ಹನ್ನೊಂದು ದಿನ ಕೂತು ತನ್ನ ಕುಲದವರು ಸಾಮಿಯೆಂದೇ ಕೈಮುಗಿಯುವ, ದೇವರಿಗೆ ಬಿಟ್ಟ ಹಿಂಡಿನ ಪಟ್ಟದ ಹೋರಿಯನ್ನು ಬರೆದ. ಮೂಗಿನ ಒದ್ದೆಗೇ ಎರಡು ದಿನ ಹಿಡಿಯಿತು.

ಕೆಟ್ಟದ್ದು ಎಲ್ಲಿ ಗೊತ್ತೇ? ಹೋರಿ ಹೊಸಿಲು ದಾಟುವ ಮುಂಚೆ ಹಣೆಗೆ ಗಂಧ ಕುಂಕುಮ ಇಡುವುದು ಅವನ ಮನೆಯ ರೂಢಿ. ಚಿತ್ರ ಎತ್ತಿಕೊಂಡು ಹೊರಟವನು ಯೋಚಿಸದೆ ಅದಕ್ಕೂ ಇಟ್ಟುಬಿಟ್ಟ.

ಮಾರನೆಯ ದಿನ ನೋಡಿದರೆ ಗಾಜಿನ ಮೇಲೆ ಮಲ್ಲಿಗೆ ಮಾಲೆ. ಬೀದಿ ಕೊನೆಯ ಹೂವಾಡಗಿತ್ತಿ ಲಕ್ಷ್ಮಿಯಮ್ಮಾಳ್ ಕರ್ಪೂರ ಹಚ್ಚುತ್ತಿದ್ದಳು.

"ಅಕ್ಕಾ, ಇದು ಸಾಮಿ ಅಲ್ಲ, ಪಡ, ಬರೀ ಚಿತ್ರ. ನಾ ಬರ್ದಿದ್ದು!"

"ಬರ್ದೋನು ನೀನು, ಬಂದೋನು ಸಾಮಿ. ಅಣೆಗೆ ಪೊಟ್ಟು ಇಟ್ಟೋನು ಯಾರಪ್ಪಾ?"

ಮೂಕಯ್ಯನ ಮೈ ಉರಿಯಿತು. ಒಳಗೆ ಹೋಗಿ ಕುಂಕುಮ ಒರೆಸಲು ಬಟ್ಟೆ ಹಿಡಿದ, ಆದರೆ ಇಟ್ಟ ಕುಂಕುಮ ಅಳಿಸಲು ಅವನದೇ ಕೈ ಏಳಲಿಲ್ಲ. ಥೂ, ನನ್ನ ಕೈಯೇ ನನಗೆ ಹಗೆ ಎಂದು ಬೈದುಕೊಂಡ. ಗುರುವಾರದ ಹೊತ್ತಿಗೆ ಗಾಜಿನ ತುಂಬ ಅರಿಶಿನ. ಚಪ್ಪಲಿ ಅಂಗಡಿಯ ಮುಂದೆ ಜನ ಚಪ್ಪಲಿ ಬಿಟ್ಟು ನಿಲ್ಲತೊಡಗಿದರು. ಬಂದವರೆಲ್ಲ ಕೈ ಮುಗಿದರು, ಬೇಡಿಕೊಂಡರು, ಹೋದರು. ಒಬ್ಬರೂ ಚಿತ್ರ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಮಾಲೆಗಳನ್ನು ಪಕ್ಕಕ್ಕೆ ಸರಿಸಿ, ಗಾಜನ್ನು ಮೂರು ಸಲ ತೊಳೆದ. ಹೋರಿ ಪೂರ್ತಿ ಕಂಡಿತು. ಚೆನ್ನಾಗಿಯೇ ಇತ್ತು. ತನ್ನ ಕೈ ಇನ್ನೂ ಸತ್ತಿಲ್ಲವೆಂದು ಅವನಿಗೆ ಎದೆ ತುಂಬಿ ಬಂತು.

ಹತ್ತು ಗಂಟೆಗೆ ಜನನಿ ಕಾರಿನಿಂದಿಳಿದಳು. ಅವಳೂ ಮೂಕಯ್ಯನ ಕುಲದವಳೇ. ಗಾಜಿನ ಮುಂದೆ ಬಂದು ನಿಂತಳು, ಚಪ್ಪಲಿ ಬಿಟ್ಟಳು, ಕೈ ಜೋಡಿಸಿ ಕಣ್ಣು ಮುಚ್ಚಿದಳು.

"ಕಣ್ಣು ಬಿಟ್ಟು ನೋಡಮ್ಮಾ," ಮೂಕಯ್ಯ ಅಂಗಲಾಚಿದ. "ಆ ಮೂಗು ನೋಡು."

"ಇರಿ ಅಯ್ಯಾ, ಅಮ್ಮನ ಮಂಡಿನೋವಿಗೂ ಕೇಳ್ಕತೀನಿ."

ಕೇಳಿಕೊಂಡಳು. ಗಾಜಿನ ಬುಡದಲ್ಲಿ ಜನ ಇಟ್ಟಿದ್ದ ವಿಭೂತಿಯನ್ನು ಹಣೆಗಿಟ್ಟು, ಚಪ್ಪಲಿ ಮೆಟ್ಟಿ, ಗಾಜಿಗೆ ಬೆನ್ನು ಹಾಕಿ ಅವನ ಕಡೆ ತಿರುಗಿದಳು.

"ಆತು ಅಯ್ಯಾ, ಹೊತ್ತಾಯ್ತದೆ. ನೀವು ಬರ್ದ ಪಡ ಎಲ್ಲೈತೆ, ತೋರ್ಸಿ."