ಕಾಲರ್ ಅಕ್ಕ ಹೊಲಿದ ಪೂರ್ತಿ ಅಂಗಿ

ನನ್ನ ಚಿಕ್ಕಮ್ಮ ಕೆಲಸ ಮಾಡುವ ಬಟ್ಟೆ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅಂಗಿಯ ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಜೇಬು ಹೊಲಿಯುವವಳು ಜೇಬಿನ ಅಕ್ಕ, ತೋಳು ಕೂಡಿಸುವವಳು ತೋಳಿನ ಅಕ್ಕ. ಚಿಕ್ಕಮ್ಮ ಕಾಲರ್ ಅಕ್ಕ.

ಮದುವೆಗೆ ಮುಂಚಿನಿಂದಲೂ ಅವಳು ಹೊಲಿದದ್ದು ಕಾಲರ್ ಒಂದೇ. ಎರಡು ಪದರ ಬಟ್ಟೆಗೆ ಗಟ್ಟಿ ಪಟ್ಟಿ ಸೇರಿಸಿ, ಮೂರು ಬದಿ ಹೊಲಿದು, ಒಳಗಿನದನ್ನು ಹೊರಕ್ಕೆ ಮಗುಚಿ, ಎರಡೂ ಮೂಲೆಗಳನ್ನು ಚೂಪಾಗಿ ಎಬ್ಬಿಸಬೇಕು. ಆ ಮೂಲೆ ಟಕ್ಕೆಂದು ಹೊರಗೆ ಬರುವಾಗ ಅವಳಿಗೆ ಈಗಲೂ ಖುಷಿಯಾಗುತ್ತದೆ. ಆದರೆ ಕಾಲರ್ ಆದ ಕೂಡಲೇ ಬುಟ್ಟಿಗೆ ಬೀಳುತ್ತದೆ, ಬುಟ್ಟಿ ಮುಂದಿನ ಸಾಲಿಗೆ ಹೋಗುತ್ತದೆ. ಅದು ಯಾವ ಅಂಗಿಯ ಮೇಲೆ ಕೂತಿತು, ಹೇಗೆ ಕೂತಿತು, ಅವಳಿಗೆ ಗೊತ್ತಾಗುವುದಿಲ್ಲ.

ಚಿಕ್ಕಪ್ಪ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾರೆ. ಒಂದು ದಿನ ಅವರ ಅಂಗಿ ಬೆನ್ನಿನಲ್ಲಿ ಹರಿಯಿತು. "ಬಿಡಿ, ನಾನೇ ಒಂದು ಹೊಲಿದುಕೊಡ್ತೀನಿ" ಎಂದಳು ಚಿಕ್ಕಮ್ಮ.

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. "ನೀನಾ? ನಿಂಗೆ ಬರೋದು ಕಾಲರ್ ತಾನೇ? ಅದನ್ನೇ ಹೊಲಿದುಕೊಡು ಮಾರಾಯ್ತಿ, ಕೊರಳಿಗೆ ಸಿಕ್ಕಿಸ್ಕೊಂಡು ಹೋಗ್ತೀನಿ."

ಮನೆಯವರೆಲ್ಲ ನಕ್ಕೆವು. ಚಿಕ್ಕಮ್ಮ ನಗಲಿಲ್ಲ. ಮರುದಿನವೇ ಅಂಗಡಿಯಿಂದ ನೀಲಿ ಬಟ್ಟೆ ತಂದಳು. ಹರಿದ ಅಂಗಿಯ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಹೊಸ ಬಟ್ಟೆಯ ಮೇಲೆ ಹರಡಿ, ಗೆರೆ ಎಳೆದು ಕತ್ತರಿಸಿದಳು. ಮನೆಯಲ್ಲಿ ಮಿಷನ್ ಇರಲಿಲ್ಲ. ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೊರಟಳು.

ಊಟದ ಬಿಡುವಿನಲ್ಲಿ ಬೇಗ ಬೇಗ ತಿಂದು ಒಬ್ಬೊಬ್ಬರ ಮಿಷನ್ ಹತ್ತಿರ ಹೋಗಿ ಕೂರತೊಡಗಿದಳು. ಜೇಬಿನ ಅಕ್ಕ ಜೇಬು ಕಲಿಸಿದಳು, ಇನ್ನೊಬ್ಬಳು ಗುಂಡಿಪಟ್ಟಿ ಕಲಿಸಿದಳು. "ನಿನ್ನ ಗಂಡಂಗೆ ಒಂದು ರೆಡಿಮೇಡ್ ತಗೊಂಡು ಕೊಡ್ಬಾರ್ದಾ? ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಬೇಕು?" ಎಂದು ಜೇಬಿನ ಅಕ್ಕ ಕೇಳಿದರೆ, "ಅವರಿಗಲ್ಲ ಕಣೇ, ನಂಗೇ ಬೇಕು. ಅವರು ಹಾಕ್ಕೊಳ್ಳೋರು ಅಷ್ಟೇ" ಎನ್ನುತ್ತಿದ್ದಳು. ಹೊಸ ಹೊಲಿಗೆ ಕಲಿತ ದಿನ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಅದನ್ನು ನನಗೆ ವಿವರಿಸುತ್ತಿದ್ದಳು. ಶಾಲೆ ಬಿಟ್ಟವರಿಗೆ ಕಲಿಯುವುದು ಬೇಡವಾಗಿದೆ ಎಂದು ಹೇಳುವವರು ಆಗ ಅವಳ ಮುಖವನ್ನು ನೋಡಬೇಕಿತ್ತು.

ತೋಳು ಕೂಡಿಸಬೇಕಾದ ದಿನ ತೋಳಿನ ಅಕ್ಕ ರಜೆಯಲ್ಲಿದ್ದಳು. ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಖಾಲಿ ಮಿಷನ್ನಿನ ಮುಂದೆ ಕೂತು ಎರಡೂ ತೋಳು ತಾನೇ ಕೂಡಿಸಿದಳು. ಕೊನೆಯ ದಾರ ಕತ್ತರಿಸುವಾಗ ತಲೆಯ ಮೇಲೆ ನೆರಳು ಬಿತ್ತು. ಸೂಪರ್‌ವೈಸರ್.

"ಏನಮ್ಮಾ, ನಿನ್ನ ಜಾಗ ಯಾವುದು?"

"ಕಾಲರ್, ಸರ್."

"ಮತ್ತೆ ಇಲ್ಲೇನು ಮಾಡ್ತಿದ್ದೀಯ?"

"ಊಟದ ಬಿಡುವು ಸರ್. ಬೇರೆಯವರು ನಿದ್ದೆ ಮಾಡ್ತಾರೆ, ನಾನು ತೋಳು ಕಲೀತಿದ್ದೀನಿ. ಬಟ್ಟೆ ನಂದು, ದಾರನೂ ನಾನೇ ತಂದಿದ್ದು."

"ಕಲಿಯೋಕೆ ಇದೇನು ಶಾಲೆನಾ? ನಾಳೆಯಿಂದ ದಾರದ ಟೇಬಲ್ಲಿಗೆ ಹೋಗು. ಅಲ್ಲಿ ಬುದ್ಧಿ ಬರುತ್ತೆ."

ದಾರದ ಟೇಬಲ್ ಎಂದರೆ ಎಲ್ಲರಿಗೂ ಭಯ. ಅಲ್ಲಿ ಮಿಷನ್ ಇಲ್ಲ, ಕುರ್ಚಿಯೂ ಇಲ್ಲ. ಹೊಲಿದು ಬಂದ ಅಂಗಿಗಳನ್ನು ಒಳಮಗ್ಗುಲಿಗೆ ತಿರುಗಿಸಿ, ಜೋತುಬಿದ್ದ ದಾರದ ತುದಿಗಳನ್ನು ದಿನವಿಡೀ ನಿಂತು ಕತ್ತರಿಸಬೇಕು. ಅಲ್ಲಿಗೆ ಹೋದವರಿಗೆ ಮತ್ತೆ ಮಿಷನ್ ಸಿಗುವುದು ಅಪರೂಪ.

ಆ ಸಂಜೆ ಚಿಕ್ಕಮ್ಮ ಅಂಗಿಯನ್ನು ಚಿಕ್ಕಪ್ಪನ ಕೈಗಿತ್ತಳು. ಅವರು ತೊಟ್ಟುಕೊಂಡು ಹೋಗಿ ವ್ಯಾನಿನಲ್ಲಿ ಕೂತು ಸ್ಟೇರಿಂಗ್ ಹಿಡಿದರು. ಬೆನ್ನಿನ ಬಟ್ಟೆ ಬಿಗಿಯಿತು, ಎದೆಯ ಹತ್ತಿರ ಬಟ್ಟೆ ಗುಡ್ಡೆಯಾಗಿ ಉಬ್ಬಿತು, ತೋಳುಗಳು ಕೈಗಳನ್ನು ಹಿಂದಕ್ಕೆ ಸೆಳೆದವು.

"ಏನೇ ಇದು? ಗಾಡಿ ಹಿಂದಕ್ಕೆ ಓಡಿಸೋಕೆ ಹೊಲಿದಿದ್ದೀಯಾ?"

ಏನು ತಪ್ಪಾಗಿದೆಯೆಂದು ಅವಳಿಗೆ ಹೊಳೆಯಲಿಲ್ಲ. ಅಂಗಿಯನ್ನು ಮಡಚಿ ಮತ್ತೆ ಚೀಲದಲ್ಲಿ ಇಟ್ಟಳು.

ಮರುದಿನ ದಾರದ ಟೇಬಲ್ ಮುಂದೆ ನಿಂತಳು. ಮೊದಲ ಅಂಗಿ ಬಂತು. ಒಳಮಗ್ಗುಲು ತಿರುಗಿಸಿದವಳು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಇಷ್ಟು ವರ್ಷದಲ್ಲಿ ಕಾರ್ಖಾನೆಯ ಪೂರ್ತಿ ಅಂಗಿಯೊಂದು ಅವಳ ಕೈಗೆ ಬಂದದ್ದು ಅದೇ ಮೊದಲು, ಅದೂ ಎಲ್ಲ ಹೊಲಿಗೆಗಳನ್ನೂ ತೆರೆದು ತೋರಿಸುತ್ತ. ಜೇಬಿನ ಅಕ್ಕನ ಹೊಲಿಗೆ ಇಲ್ಲಿ, ತೋಳಿನ ಅಕ್ಕನದು ಅಲ್ಲಿ. ಎರಡನೆಯ ಅಂಗಿ, ಮೂರನೆಯದು. ಪ್ರತಿಯೊಂದರಲ್ಲೂ ಮುಂಗೈ ಹತ್ತಿರದ ಸೀಳು ಹಿಂಬದಿಗೇ ಇತ್ತು. ತಾನು ಹೊಲಿದದ್ದರಲ್ಲಿ ಅದು ಮುಂಬದಿಗೆ ಬಂದಿತ್ತಲ್ಲ!

ಅವಳು ಒಬ್ಬಳೇ ನಕ್ಕಳು. ಕಾಲರಿಗೆ ಎಡ ಬಲ ಎಂದಿಲ್ಲ, ಹೇಗೆ ತಿರುಗಿಸಿ ಇಟ್ಟರೂ ಒಂದೇ. ತೋಳು ಹಾಗಲ್ಲ. ಇಷ್ಟು ವರ್ಷ ಕಾಲರ್ ಹೊಲಿದ ಕೈ, ಎಡಗೈಯ ತೋಳನ್ನು ಬಲಕ್ಕೂ ಬಲಗೈಯದನ್ನು ಎಡಕ್ಕೂ ಇಟ್ಟುಬಿಟ್ಟಿತ್ತು.

ಅಂದಿನಿಂದ ಅವಳು ದಾರ ಕತ್ತರಿಸುತ್ತ ಅಂಗಿಗಳನ್ನು ಓದತೊಡಗಿದಳು. ಯಾವ ಹೊಲಿಗೆ ಮೊದಲು ಬಿದ್ದಿದೆ, ಯಾವುದು ಅದರ ಮೇಲೆ ಹಾದುಹೋಗಿದೆ ಎಂದು ನೋಡುತ್ತ ನೋಡುತ್ತ ಸಣ್ಣಗೆ ಗುನುಗುತ್ತಿದ್ದಳು. ಶಿಕ್ಷೆಯ ಜಾಗದಲ್ಲಿ ಗುನುಗುವವರನ್ನು ಸೂಪರ್‌ವೈಸರ್ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಅವಳ ಮಿಷನ್ನಿಗೆ ಬಂದಿದ್ದ ಹೊಸ ಹುಡುಗಿ ಹೊಲಿದ ಕಾಲರುಗಳು ಬುಟ್ಟಿಗಟ್ಟಲೆ ವಾಪಸ್ ಬರತೊಡಗಿದ್ದವು. ಸೂಪರ್‌ವೈಸರ್ ಟೇಬಲ್ ಹತ್ತಿರ ಬಂದರು.

"ಬುದ್ಧಿ ಬಂತಾ?"

"ಬಂತು ಸರ್. ತೋಳು ಎಲ್ಲಿ ತಪ್ಪಿತ್ತು ಅಂತ ಗೊತ್ತಾಯ್ತು."

"ಅದಲ್ಲಮ್ಮಾ. ನಿನ್ನ ಮಿಷನ್ ನಿಂಗೆ ಕೊಡ್ತೀನಿ. ತಪ್ಪಾಯ್ತು, ಇನ್ನು ಬೇರೆ ಮಿಷನ್ ಮುಟ್ಟಲ್ಲ ಅಂತ ಒಂದು ಮಾತು ಹೇಳು ಸಾಕು."

ಪಕ್ಕದವರೆಲ್ಲ ಕತ್ತರಿ ನಿಲ್ಲಿಸಿದರು. ಮನೆಯಲ್ಲಿ ಅವಳು ನನಗೆ ಹೇಳಿದ್ದುಂಟು, ಆ ಮಿಷನ್ನಿನ ಸದ್ದು ಕೇಳದೆ ಕೈ ಕಡಿಯುತ್ತದೆ ಎಂದು. ಕಾಲುಗಳೂ ಊದಿಕೊಳ್ಳುತ್ತಿದ್ದವು.

"ತೋಳು ಅದಲುಬದಲಾಗಿದ್ದು ನನ್ನ ತಪ್ಪು ಸರ್, ಅದನ್ನ ಬಿಚ್ಚಿ ಸರಿ ಮಾಡ್ತೀನಿ. ಕಲಿತಿದ್ದಕ್ಕೆ ತಪ್ಪಾಯ್ತು ಅನ್ನೋಕೆ ನಂಗೆ ಬಾಯಿ ಬರಲ್ಲ."

"ಹಾಗಾದ್ರೆ ಇಲ್ಲೇ ನಿಂತಿರು!"

"ನಿಂತಿರ್ತೀನಿ. ಇಲ್ಲೂ ಚೆನ್ನಾಗೇ ಇದೆ."

ಅವರು ಹೋದರು. ಅಂದು ಊಟದ ಬಿಡುವಿನಲ್ಲಿ ತೋಳಿನ ಅಕ್ಕ ತನ್ನ ಡಬ್ಬಿಯನ್ನು ತೆರೆಯಲೇ ಇಲ್ಲ. ಮಿಷನ್ನಿನ ಮುಂದಿನಿಂದ ಎದ್ದು ನಿಂತು, "ಬಾರೇ, ಕೂತ್ಕೋ" ಎಂದು ಎಲ್ಲರಿಗೂ ಕೇಳುವ ಹಾಗೆ ಕರೆದಳು. ಚಿಕ್ಕಮ್ಮ ತೋಳುಗಳನ್ನು ಬಿಚ್ಚಿದಳು. ಜೇಬಿನ ಅಕ್ಕನೂ ಉಳಿದ ಕೆಲವರೂ ಊಟದ ತಟ್ಟೆ ಹಿಡಿದುಕೊಂಡೇ ಮಿಷನ್ ಸುತ್ತ ಬಂದು ನಿಂತರು. ಸೂಪರ್‌ವೈಸರ್ ಬಾಗಿಲವರೆಗೆ ಬಂದು ನೋಡಿದರು. ಯಾರೂ ಕದಲಲಿಲ್ಲ. ಅವರು ಗಡಿಯಾರ ನೋಡಿಕೊಂಡು ಹೊರಟುಹೋದರು.

ಮಿಷನ್ ಚಿಕ್ಕಮ್ಮನಿಗೆ ಇನ್ನೂ ಸಿಕ್ಕಿಲ್ಲ. ಅವಳೀಗ ದಾರದ ಅಕ್ಕ.

ತೋಳು ಸರಿಮಾಡಿ ತಂದ ಆ ಸಂಜೆ ಚಿಕ್ಕಪ್ಪ ಅಂಗಿ ತೊಟ್ಟು ವ್ಯಾನಿನಲ್ಲಿ ಕೂತರು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಬಟ್ಟೆ ಎಲ್ಲೂ ಎಳೆಯಲಿಲ್ಲ. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು, "ಪರವಾಗಿಲ್ವೇ, ಕಾಲರ್ ಭಾರಿ ಚೆನ್ನಾಗಿ ಕೂತಿದೆ" ಎಂದರು.

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅದು ನಂಗೆ ಮೊದಲೇ ಬರ್ತಿತ್ತು ರೀ. ತೋಳು ನೋಡಿ."